ಮಾಲ್‌ನ ದೇವರಮೀನು

ಗಂಡ ದೇವದಾಸರ ಹಿಮ್ಮಡಿಯ ಬಿರುಕು ಡಾಕ್ಟರ ಮುಲಾಮಿಗೆ ಜಗ್ಗುವಂಥದ್ದಲ್ಲ, ಅದಕ್ಕೆ ದೇವರಮೀನೇ ಆಗಬೇಕು ಎಂದು ನಳಿನಾಕ್ಷಿ ಹಠ ಹಿಡಿದಿದ್ದಳು. ಅವಳ ತವರಿನ ಹೊಳೆಯಲ್ಲಿ ದೇವಸ್ಥಾನದ ಮೆಟ್ಟಿಲ ಬುಡಕ್ಕೆ ಮೀನುಗಳಿದ್ದವು. ಅವನ್ನು ಯಾರೂ ಹಿಡಿಯುತ್ತಿರಲಿಲ್ಲ. ಅಕ್ಕಿ ಹಾಕಿ ಕಾಲು ಇಳಿಬಿಟ್ಟರೆ ಕಜ್ಜಿ, ಹುಣ್ಣು ಎಲ್ಲ ತಿಂದುಕೊಂಡು ಹೋಗುತ್ತವೆಂದು ಊರಿಗೆ ಊರೇ ನಂಬಿತ್ತು. ಆದರೆ ಕಲ್ಯಾಣ ಶಹರದ ಹೋಟೆಲಿನ ಗಲ್ಲಾ ಬಿಟ್ಟು ಊರಿಗೆ ಹೋಗಲು ದೇವದಾಸರಿಗೆ ರಜೆ ಎಲ್ಲಿಂದ ಬರಬೇಕು?

ಹತ್ತಿರದ ಠಾಣೆ ಶಹರದ ಮಾಲ್‌ನಲ್ಲಿ ಮೀನಿನ ತೊಟ್ಟಿ ಬಂದಿದೆ, ಜನ ದುಡ್ಡು ಕೊಟ್ಟು ಕಾಲು ಕಚ್ಚಿಸಿಕೊಳ್ಳುತ್ತಾರೆ ಎಂದು ಮಗಳು ಶ್ರದ್ಧಾ ನಗುತ್ತಾ ಹೇಳಿದಾಗ ನಳಿನಾಕ್ಷಿ ನಗಲಿಲ್ಲ, ಕೈ ಮುಗಿದಳು. ಅವಳ ಮಟ್ಟಿಗೆ ಹೊಳೆಯೇ ಲೋಕಲ್ ರೈಲು ಹತ್ತಿ ಠಾಣೆಗೆ ಬಂದಿಳಿದಿತ್ತು.

ಭಾನುವಾರ ಮೂವರೂ ಹೋದರು. ನಳಿನಾಕ್ಷಿಯ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಅಕ್ಕಿಯಿತ್ತು. ತೊಟ್ಟಿಯ ಸುತ್ತ ಕಾಲೇಜು ಹುಡುಗಿಯರು ಕಚಗುಳಿಗೆ ಕಿರುಚಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕಂಡವರ ಕಾಲು ಅದ್ದಿದ ನೀರು ಎಂದು ಮೂಗು ಮುರಿದು ಒಬ್ಬಳು ತನ್ನ ಮಗುವನ್ನು ಎಳೆದುಕೊಂಡು ಹೋದಳು.

ತೊಟ್ಟಿ ನೋಡಿಕೊಳ್ಳುವವಳು ದೇವದಾಸರ ಹಿಮ್ಮಡಿಯತ್ತ ಬಗ್ಗಿದಳು. "ಅಂಕಲ್ ಕೋ ಶುಗರ್ ಹೈ ಕ್ಯಾ? ಶುಗರ್‌ವಾಲಾ ನಹೀ ಚಲೇಗಾ." ಸಕ್ಕರೆ ಕಾಯಿಲೆಯವರನ್ನು ತೊಟ್ಟಿಗೆ ಬಿಡುವಂತಿರಲಿಲ್ಲ.

"ನಹೀ, ನಹೀ," ಎಂದಳು ನಳಿನಾಕ್ಷಿ.

"ಮಮ್ಮಿ, ಝೂಟ್ ಕ್ಯೂಂ?" ಎಂದು ಸುಳ್ಳನ್ನು ಆಕ್ಷೇಪಿಸಿದ ಶ್ರದ್ಧಾಳ ತೋಳನ್ನು ಚಿವುಟಿ, "ಸುಮ್ನಿರು. ದೇವರ ಕೆಲಸಕ್ಕೆ ಶುಗರ್ ಎಂತ ಮಾಡ್ತದೆ?" ಎಂದು ಗದರಿದಳು. ಸಕ್ಕರೆ ಕಾಯಿಲೆಗೂ ದೇವರಿಗೂ ಅವಳೇ ರಾಜಿ ಮಾಡಿಸಿಬಿಟ್ಟಿದ್ದಳು, ಪುಣ್ಯಾತ್ಗಿತ್ತಿ.

ದೇವದಾಸರು ಕಾಲು ಇಳಿಬಿಟ್ಟರು. ನಳಿನಾಕ್ಷಿ ಕದ್ದು ನಾಲ್ಕು ಕಾಳು ಅಕ್ಕಿ ಹಾಕಿದಳು. ಮೀನುಗಳು ಅದನ್ನು ಮೂಸಲೂ ಇಲ್ಲ, ದಂಡುಕಟ್ಟಿ ಬಂದು ಬಿರುಕಿಗೇ ಮುತ್ತಿದವು. ಅವಳ ಕಣ್ಣು ತುಂಬಿತು.

"ಹೇಗಾಗ್ತದೆ?" ಎಂದು ಕೇಳಿದಳು.

ದೇವದಾಸರು ಒಮ್ಮೆ ನೀರು ನೋಡಿದರು, ಒಮ್ಮೆ ಹೆಂಡತಿಯ ಮುಖ ನೋಡಿದರು. ಆಮೇಲೆ ಭುಜ ಕುಣಿಸಿ ನಕ್ಕರು. "ಕಚಗುಳಿ ಮಾರಾಯ್ತಿ. ತಡೀಲಿಕ್ಕೆ ಆಗುದಿಲ್ಲ."

ವಾರದೊಳಗೆ ಹಿಮ್ಮಡಿ ಬಾತು ಕಪ್ಪಾಯಿತು, ಜ್ವರ ಬಂತು. ಒಳಗಿನ ವಿಷ ಹೊರಗೆ ಬರುತ್ತಿದೆ ಎಂದು ನಳಿನಾಕ್ಷಿ ಇನ್ನೂ ಕಾದಳು. ಅವಳ ಮೊಂಡುತನಕ್ಕೆ ಏನೆನ್ನಬೇಕು! ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕಾಲು ಕೈಮೀರಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಈ ಪಾದಕ್ಕೆ ಎಂದೋ ಸ್ಪರ್ಶ ಸತ್ತಿತ್ತು, ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನಳಿನಾಕ್ಷಿ ವಾರ್ಡಿಗೆ ಬಂದು ಗಂಡನನ್ನೇ ಕೇಳಿದಳು. "ಮತ್ತೆ ಅವತ್ತು ಕಚಗುಳಿ ಅಂದದ್ದು?"

"ನೀನು ಅಷ್ಟು ಆಸೆಯಿಂದ ನೋಡ್ತಾ ಇದ್ದಿಯಲ್ಲ. ಇಲ್ಲ ಅಂತ ಹೇಗೆ ಹೇಳುದು?"

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟಾದರೂ ಹಗುರಾಗುತ್ತಿತ್ತು.

ಡೊಂಬಿವಲಿಯ ತಮ್ಮ ಮನೆಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ದೇವದಾಸರು ಗಕ್ಕನೆ ಎದ್ದು ಕೂತರು. "ನಳಿನೀ, ಈಗ ಆಗ್ತಾ ಉಂಟು."

"ಎಂತದ್ದು?"

"ಕಚಗುಳಿ. ಆ ಕಾಲಿಗೇ. ಹಿಮ್ಮಡಿಗೆ ಮುತ್ತಿದಾವೆ. ಓಡಿಸು ಮಾರಾಯ್ತಿ."

ಕಾಲಿಲ್ಲದ ಕಡೆ ಚಾದರ ಚಪ್ಪಟೆಯಾಗಿ ಬಿದ್ದಿತ್ತು. ನಳಿನಾಕ್ಷಿ ಅದರ ಮೇಲೆ ಕೈಯಾಡಿಸುತ್ತಾ ಮೀನು ಓಡಿಸತೊಡಗಿದಳು.