ಕೋಗಿಲೆಯ ಕೀರ್ತನೆ

ನನ್ನ ಅಪ್ಪ ತೊಂಬತ್ತು ದಾಟಿ ಬದುಕಿದ್ದು ಆರೋಗ್ಯದಿಂದಲ್ಲ, ಹಠದಿಂದ. ಒಬ್ಬ ಮನುಷ್ಯ ತನಗಿಂತ ಮೊದಲು ಸಾಯಬೇಕು, ಒಂದು ಕೀರ್ತನೆಯ ಕೆಳಗೆ ತನ್ನ ಹೆಸರು ಅಚ್ಚಾಗಬೇಕು, ಇವೆರಡಕ್ಕಾಗಿ ಜೀವ ಹಿಡಿದುಕೊಂಡಿದ್ದರು. ಮೊದಲನೆಯದು ಆಯಿತು. ಎರಡನೆಯದು ಏನಾಯಿತು ಎನ್ನುವುದನ್ನು ಈಗ ಹೇಳುತ್ತೇನೆ. ಹೇಳುವಾಗ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ವಾರವೆಲ್ಲ ಅಪ್ಪ ಬ್ಯಾಂಕಿನವರು, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಗುಮಾಸ್ತರಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದರು. ಎರಡೂ ಕಡೆ ಅದೇ ಕೋಟು, ಅದೇ ಮುಖ. ಸಾಲ ಕೇಳಲು ಬಂದವನಿಗೂ ಮದುಮಗಳಿಗೂ ಒಂದೇ ಅಳತೆಯ ನಗು. ಊರಿನ ಪಾಲಿಗೆ ದೇವರಂಥ ಮನುಷ್ಯ. ದೇವರಂಥವರ ಜೊತೆ ಒಂದೇ ಸೂರಿನಡಿ ಬಾಳಿದವರನ್ನು ಯಾರೂ ವಿಚಾರಿಸುವುದಿಲ್ಲ.

ಗುಮಾಸ್ತರಾಗಿದ್ದ ಕಾಲದಲ್ಲಿ ಅವರು ಒಂದು ಹಳೆಯ ಕೀರ್ತನೆಗೆ ಹೊಸ ರಾಗ ಕಟ್ಟಿದರು. ಆರ್ಗನ್ ಪಕ್ಕದ ಬೆಂಚಿನ ಮೇಲೆ ಕುಳಿತು ಅದನ್ನು ಮೊದಲು ಕೇಳಿದವಳು ನನ್ನ ಅಮ್ಮ. ಆಗಿನ್ನೂ ಅವರ ಮದುವೆಯಾಗಿರಲಿಲ್ಲ. ಕೊನೆಯ ಸಾಲಿನಲ್ಲಿ ಸ್ವರ ಮೇಲೇರಿದರೆ ಚೆನ್ನ ಎಂದು ಹಾಡಿ ತೋರಿಸಿದವಳೂ ಅವಳೇ.

ಚರ್ಚಿನ ಗಾಯಕರಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಒಳ್ಳೆಯ ಕಂಠ, ಊರು ಅವನನ್ನು ಕೋಗಿಲೆ ಎಂದೇ ಕರೆಯುತ್ತಿತ್ತು. ಅಭ್ಯಾಸದ ವೇಳೆ ಆ ರಾಗ ಕಲಿತವನು, ಹಾಡಿನ ಪುಸ್ತಕ ಅಚ್ಚು ಮಾಡಿಸುವವರಿಗೆ ತನ್ನದೇ ಎಂದು ಹೇಳಿಬಿಟ್ಟ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ ಎಂದು ಕೇಳಿದ್ದೇವೆ. ಈ ಕೋಗಿಲೆ ಕಾಗೆಯ ಮೊಟ್ಟೆಯನ್ನೇ ಹೊತ್ತುಕೊಂಡು ಹೋಯಿತು. ಪುಸ್ತಕ ಬಂದಾಗ ಕೀರ್ತನೆಯ ಕೆಳಗೆ ಸಣ್ಣಕ್ಷರದಲ್ಲಿ ರಾಗ ಕಟ್ಟಿದವನೆಂದು ಅವನ ಹೆಸರಿತ್ತು.

"ಪಾದ್ರಿಗಳ ಹತ್ರ ಹೋಗೋಣ. ನಾನು ಸಾಕ್ಷಿ ಹೇಳ್ತೀನಿ," ಅಂದಳಂತೆ ಅಮ್ಮ.

"ನೀನು ಬಾಯಿ ಮುಚ್ಕೊಂಡಿರು. ಅವನ ಮಾವ ಬ್ಯಾಂಕಿನ ಅಧ್ಯಕ್ಷ. ನನ್ನ ಕೆಲಸ ಹೋಗುತ್ತೆ," ಅಂದರಂತೆ ಅಪ್ಪ.

ಕೆಲಸ ಉಳಿಯಿತು. ಕೋಗಿಲೆ ಬ್ಯಾಂಕಿಗೆ ಬಂದಾಗಲೆಲ್ಲ ಅಪ್ಪ ಎದ್ದು ನಿಂತು ಕುರ್ಚಿ ಕೊಡುತ್ತಿದ್ದರು. ಭಾನುವಾರ ಅವನ ಹೆಸರು ಹೇಳಿ ಕೀರ್ತನೆ ಘೋಷಿಸಿದಾಗ ತಲೆ ಬಗ್ಗಿಸಿ ನುಡಿಸುತ್ತಿದ್ದರು. ಮೂರನೆಯ ಚರಣ ಕೋಗಿಲೆ ಒಬ್ಬನದೇ. ಅದಾದ ಮೇಲೆ ಕೊನೆಯ ಸಾಲನ್ನು ಹೆಂಗಸರು ಮೇಲೆತ್ತಬೇಕು, ಅವರ ಮುಂಚೂಣಿಯಲ್ಲಿ ನನ್ನ ಅಮ್ಮ. ಅಮ್ಮನ ಹಾಡು ಚರ್ಚಿಗಷ್ಟೇ ಸೀಮಿತವಾಗಿರಲಿಲ್ಲ. ಒಲೆ ಮುಂದೆ, ಇಸ್ತ್ರಿ ಪೆಟ್ಟಿಗೆ ಹಿಡಿದಾಗ, ನನಗೆ ಜಡೆ ಹಾಕುವಾಗ ಹಾಡುತ್ತಿದ್ದಳು. ಮನೆಯೊಳಗೆ ಅವಳು ಎಲ್ಲಿದ್ದಾಳೆ ಎಂದು ಹುಡುಕಬೇಕಾಗಿಯೇ ಇರಲಿಲ್ಲ.

ವರ್ಷಗಳು ಕಳೆದಂತೆ ಕೋಗಿಲೆಯ ಗಂಟಲು ಬಿಗಿಯತೊಡಗಿತು. ಕತ್ತಿನ ನರ ಉಬ್ಬುತ್ತಿತ್ತು, ಹಿಮ್ಮಡಿ ಎತ್ತಿ ಹಾಡುತ್ತಿದ್ದ. ಕೊನೆಗೆ ತನ್ನ ಮಗಳ ಮದುವೆಯ ದಿನ, ಬೀಗರೆಲ್ಲ ಮುಂದೆ ಕುಳಿತಿರುವಾಗ ಅವನ ದನಿ ಒಡೆದು ಕೀರಲಾಯಿತು. ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಅವನು ಮತ್ತೆ ಹಾಡಲಿಲ್ಲ. ಅಂಗಡಿಯಲ್ಲೂ ಮಾತು ಕಡಿಮೆ ಮಾಡಿದ. ಅವನು ಸತ್ತ ದಿನ ಅಪ್ಪ ಅದೇ ಕೀರ್ತನೆ ನುಡಿಸಿ ಮನೆಗೆ ಬಂದು ಹೊಟ್ಟೆ ತುಂಬ ಉಂಡರು.

ಆದರೆ ಆ ಮದುವೆಗೂ ಮೊದಲೇ ಅಮ್ಮನ ದನಿ ನಿಂತಿತ್ತು. ಒಂದು ಭಾನುವಾರ ಕೊನೆಯ ಸಾಲಿನಲ್ಲಿ ಅವಳು ಬರೀ ತುಟಿ ಆಡಿಸಿದ್ದನ್ನು ನಾನು ನೋಡಿದೆ. ಆಮೇಲೆ ಗಾಯಕರ ಸಾಲು ಬಿಟ್ಟು ಹಿಂದೆ ಬಂದು ಕುಳಿತಳು. "ನನ್ನ ಗಂಟಲು ಹೋಯ್ತು ಕಣೇ," ಅಂದಳು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದಳು, ತಣ್ಣೀರು ಬಿಟ್ಟಳು, ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಗಂಟಲು ನೋಡುವಾಗ ಟಾರ್ಚು ಹಿಡಿದುಕೊಂಡು ನಿಂತಿದ್ದವರು ಅಪ್ಪ. ಮನೆಯಲ್ಲೂ ಹಾಡು ನಿಂತಿತು. ಅವಳು ಯಾವ ಕೋಣೆಯಲ್ಲಿದ್ದಾಳೆಂದು ತಿಳಿಯಲು ನಾನು ಕೂಗಿ ಕರೆಯಬೇಕಾಯಿತು.

ಆರ್ಗನ್ ನುಡಿಸಲು ಅಪ್ಪ ನನಗೂ ಕಲಿಸಿದ್ದರು. ಅದೊಂದು ಕೀರ್ತನೆ ಮಾತ್ರ ಕೊಡುತ್ತಿರಲಿಲ್ಲ. "ಅದು ನನಗೆ ಬಿಡು," ಅನ್ನುತ್ತಿದ್ದರು. ಹಾಸಿಗೆ ಹಿಡಿದ ಮೇಲೆ ಬಿಡಲೇಬೇಕಾಯಿತು. ಆರ್ಗನ್ನಿನ ಯಾವ ಮನೆಯಿಂದ ಶುರು ಮಾಡಲಿ ಎಂದು ನಾನು ಕೇಳಿದ್ದಕ್ಕೆ ಅವರಿಗೆ ನಗು ತಡೆಯಲಾಗಲಿಲ್ಲ.

"ನಾನು ಕಟ್ಟಿದಾಗ ತುಂಬಾ ಕೆಳಗಿನ ಮನೆಯಿಂದ ಶುರುವಾಗ್ತಿತ್ತು," ಅಂದರು. "ನಾಲ್ಕೈದು ವರ್ಷಕ್ಕೊಂದ್ಸಲ ಒಂದೊಂದೇ ಮನೆ ಮೇಲೆ ಏರಿಸ್ದೆ. ಬಡ್ಡಿ ಬೆಳೆದ ಹಾಗೆ. ಕೋಗಿಲೆ ತನ್ನ ಗಂಟಲೇ ಹೋಯ್ತು ಅನ್ಕೊಂಡ. ಹಾವೂ ಸತ್ತಿತು, ಕೋಲೂ ಮುರೀಲಿಲ್ಲ!"

ಆರ್ಗನ್ನಿನ ಬಿಳಿ, ಕಪ್ಪು ಮನೆಗಳಲ್ಲಿ ಎಲ್ಲಿಂದ ಶುರು ಮಾಡಿದರೂ ರಾಗ ಅದೇ. ಹಾಡುವವರ ಗಂಟಲು ಮಾತ್ರ ಅಷ್ಟೆತ್ತರ ಹತ್ತಬೇಕು. ನಮ್ಮ ಪುಸ್ತಕದಲ್ಲಿ ಪದಗಳಷ್ಟೇ ಇದ್ದವು, ಎಲ್ಲರೂ ಆರ್ಗನ್ ಹಿಡಿದ ಶ್ರುತಿಗೇ ಹಾಡುವವರು. ಎಟುಕದವರು ಗೊಣಗಿ ಸುಮ್ಮನಾಗುತ್ತಿದ್ದರು. ನಾನು ಅಪ್ಪನ ಜೊತೆ ನಗಲು ಬಾಯಿ ತೆರೆದೆ, ಆಗ ಆ ಟಾರ್ಚು ನೆನಪಾಯಿತು.

"ಅಮ್ಮನ ಗಂಟಲು?"

"ಅದಕ್ಕೇನೂ ಆಗಿರ್ಲಿಲ್ಲ."

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಅವಳಿಗೆ ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು," ಅಂದರು, ಸಾಲದ ಅರ್ಜಿ ತಳ್ಳಿಹಾಕುವಾಗಿನ ಅದೇ ಮೆತ್ತನೆಯ ದನಿಯಲ್ಲಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಬರೆ ಹಾಕಿದವನಿಗೆ ಎಮ್ಮೆ ಯಾವುದೆಂದು ಚೆನ್ನಾಗಿ ಗೊತ್ತಿತ್ತು. ಆ ಕ್ಷಣದಿಂದ ನನಗೆ ಅಪ್ಪನನ್ನು ಕಂಡರೆ ಮೈ ಉರಿಯುತ್ತಿತ್ತು. ಗಂಜಿ ಕುಡಿಸುತ್ತಿದ್ದೆ, ಹೊದಿಕೆ ಸರಿಮಾಡುತ್ತಿದ್ದೆ, ಉರಿಯುತ್ತಲೇ ಇದ್ದೆ.

ಅದೇ ವಾರ ಹೊಸ ಪಾದ್ರಿ ನೋಡಲು ಬಂದರು. ಹಾಡಿನ ಪುಸ್ತಕ ಮತ್ತೆ ಅಚ್ಚಾಗುತ್ತಿತ್ತು. ಅಪ್ಪ ಅವರ ಕೈ ಹಿಡಿದುಕೊಂಡು, ಆ ರಾಗ ತನ್ನದು, ಈಗಲಾದರೂ ತನ್ನ ಹೆಸರು ಹಾಕಿ ಎಂದು ಕೇಳಿದರು. ಕಂಡವರು ಯಾರಾದರೂ ಇದ್ದಾರೆಯೇ ಎಂದರು ಪಾದ್ರಿ. "ನನ್ನ ಹೆಂಡ್ತಿ ಇದ್ದಾಳಲ್ಲ. ಅವಳೊಬ್ಬಳೇ ಸಾಕ್ಷಿ," ಅಂದರು ಅಪ್ಪ. ಅಮ್ಮನನ್ನು ಕೇಳುವ ಮೊದಲೇ ಅಪ್ಪ ತೀರಿಕೊಂಡರು.

ಶವಸಂಸ್ಕಾರದ ದಿನ ಆರ್ಗನ್ ಮುಂದೆ ನಾನೇ ಕುಳಿತೆ. ಕೀರ್ತನೆಯ ಸರದಿ ಬಂದಾಗ ಅಪ್ಪ ಏರಿಸಿದ್ದನ್ನೆಲ್ಲ ಇಳಿಸಿ, ಮೊಟ್ಟಮೊದಲ ಮನೆಯಿಂದ ಶುರು ಮಾಡಿದೆ. ಹಗುರವಾಗಿ ಇಡೀ ಚರ್ಚು ಹಾಡಿತು. ಮೂರನೆಯ ಚರಣದ ಹೊತ್ತಿಗೆ ಮುಂದಿನ ಬೆಂಚಿನಿಂದ ಒಂದು ದನಿ ಎದ್ದಿತು, ಮುದಿಯಾಗಿತ್ತು, ಸ್ವಲ್ಪ ನಡುಗುತ್ತಿತ್ತು. ಕೊನೆಯ ಸಾಲಿನಲ್ಲಿ ಅದು ಮೇಲೇರಿತು, ಏರಿ ನಿಂತಿತು. ನನ್ನ ಕಣ್ಣು ಮಂಜಾಗಿ ಆರ್ಗನ್ನಿನ ಮನೆಗಳು ಕಾಣಲಿಲ್ಲ. ಅಮ್ಮ ಶವಪೆಟ್ಟಿಗೆಯ ಕಡೆ ನೋಡುತ್ತಿರಲಿಲ್ಲ, ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದಳು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಕೇಳಿದಳು.

"ಇವತ್ತು ಎಲ್ಲಿಂದ ಬಾರಿಸ್ದೆ?"

ಎಲ್ಲವನ್ನೂ ಹೇಳಿದೆ. ಅಮ್ಮ ಗಂಟಲ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು.

"ನಾನು ನಿಲ್ಸಿದ್ದು ಅದಕ್ಕೇ ಅಂತ ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಳುತ್ತಾಳೆ ಅಂದುಕೊಂಡೆ. ಅವಳು ಹೋಗಿ ಮುಖ ತೊಳೆದು, ಸೀರೆ ಬದಲಾಯಿಸಿ ಬಂದಳು. ಸಂಜೆ ಪಾದ್ರಿ ಬಂದರು. ಸಾಂತ್ವನದ ಮಾತು ಮುಗಿಸಿ, ಹಿಂಜರಿಯುತ್ತಲೇ ವಿಷಯಕ್ಕೆ ಬಂದರು.

"ಅಮ್ಮಾ, ಪುಸ್ತಕ ಅಚ್ಚಿಗೆ ಹೋಗ್ತಾ ಇದೆ. ಆ ರಾಗ ತಮ್ಮದು ಅಂತ ನಿಮ್ಮ ಯಜಮಾನ್ರು ಹೇಳಿದ್ರು. ನೀವು ಹೂಂ ಅಂದ್ರೆ ಅವರ ಹೆಸರು ಹಾಕಿಸ್ತೀನಿ."

ಅಮ್ಮ ಅವರಿಗೆ ಚಹಾ ಬಗ್ಗಿಸಿ ಕೊಟ್ಟಳು.

"ಇಲ್ಲ ಪಾದ್ರಿಗಳೇ. ಆ ರಾಗ ಕೋಗಿಲೆಯವರದ್ದೇ. ನಾನು ಕಣ್ಣಾರೆ ಕಂಡಿದ್ದೀನಿ. ಇವರಿಗೆ ವಯಸ್ಸಾಗಿತ್ತು, ಏನೇನೋ ಅಂತಿದ್ರು."

ಪಾದ್ರಿ ನನ್ನ ಮುಖ ನೋಡಿದರು.

"ಅಮ್ಮನೇ ಹೇಳಿದ ಮೇಲೆ ಮುಗೀತಲ್ಲ," ಅಂದೆ.

ಅವರು ಹೋದ ಮೇಲೆ ಅಮ್ಮ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿಯ ನೀರಿನ ಸದ್ದಿನ ನಡುವೆ ಅದೇ ಕೀರ್ತನೆ ಕೇಳಿಸಿತು. ಕೊನೆಯ ಸಾಲು ಬಂದಾಗ ಅವಳು ನಲ್ಲಿ ನಿಲ್ಲಿಸಿ, ಉಸಿರು ತುಂಬಿಕೊಂಡು ಹಾಡಿದಳು.