ಸದ್ದು ಮಾಡುವ ಫಿಲ್ಟರ್

ಹೊಸ ಏರ್ ಫಿಲ್ಟರ್ ಹಾಕಿದರೆ ಹಳೆಯ ಸ್ಪೋರ್ಟ್ಸ್ ಕಾರಿಗೆ ಬಲ ಬರುತ್ತದೆ ಎಂದು ನಂಬುವವರನ್ನು ನಾನು ದಿನಾ ನೋಡುತ್ತೇನೆ. ಬರುವುದು ಸದ್ದು. ಕಾರು ಮಾಡಿದವರು ಫಿಲ್ಟರನ್ನು ತಗಡಿನ ಪೆಟ್ಟಿಗೆಯೊಳಗೆ ಇಟ್ಟು, ಮುಂಭಾಗದಿಂದ ತಂಪು ಗಾಳಿ ಬರುವ ಹಾಗೆ ಕೊಳವೆ ಜೋಡಿಸಿರುತ್ತಾರೆ. ಈ ಪುಣ್ಯಾತ್ಮರು ಅದನ್ನು ಕಿತ್ತೆಸೆದು, ಹೊಳೆಯುವ ಜಾಲರಿ ಫಿಲ್ಟರನ್ನು ಬಾನೆಟ್ಟಿನ ಕೆಳಗೆ ಬೋಳಾಗಿ ಕೂರಿಸುತ್ತಾರೆ. ಅದು ಇಂಜಿನ್ನಿನದೇ ಬಿಸಿಗಾಳಿ ಕುಡಿದು ಗರ್ಜಿಸುತ್ತದೆ. ಪೆಟ್ರೋಲ್ ಬಿಡುವ ಜೆಟ್ ಬದಲಿಸಿ, ತಂಪು ಗಾಳಿಗೆ ದಾರಿ ಮಾಡಿಕೊಟ್ಟರೆ ಕೆಲವು ಕಾರುಗಳಿಗೆ ಚೂರುಪಾರು ಲಾಭವುಂಟು, ಇಲ್ಲವೆನ್ನುವುದಿಲ್ಲ. ಅಷ್ಟು ತಾಳ್ಮೆ ಯಾರಿಗಿದೆ?

ನನ್ನ ತಮ್ಮನಿಗಂತೂ ಇಲ್ಲ. ಅವನು ಮಾರುವುದೇ ಈ ಜಾಲರಿಗಳನ್ನು. ಅಪ್ಪನ ಗ್ಯಾರೇಜಿನ ಮುಂದಿನ ಕೋಣೆಯಲ್ಲಿ ಗಾಜಿನ ಕಪಾಟಿಟ್ಟು, ಒಳಗೆ ದೀಪ ಹಾಕಿ ಸಾಲಾಗಿ ಜೋಡಿಸಿದ್ದಾನೆ. ಹಿಂದಿನ ಶೆಡ್ಡಿನಲ್ಲಿ ಗ್ರೀಸು ಮೆತ್ತಿಕೊಳ್ಳುವವಳು ನಾನು. ಈ ವರ್ಷ ಗ್ಯಾರೇಜನ್ನು ಇಬ್ಬರಲ್ಲಿ ಒಬ್ಬರ ಕೈಗೆ ಕೊಟ್ಟು ಕೂತುಬಿಡುತ್ತೇನೆ ಎಂದು ಅಪ್ಪ ಹೇಳಿದ್ದರು. ಅದು ನನಗೇ ಬರಬೇಕಿತ್ತು. ಹಾಗೆ ಹೇಳಲು ನನಗೆ ನಾಚಿಕೆಯಿಲ್ಲ.

ಅಪ್ಪನನ್ನು ಊರೆಲ್ಲ ಕಿವಿ ಮೇಸ್ತ್ರಿ ಎನ್ನುತ್ತಿತ್ತು. ರಬ್ಬರ್ ನಳಿಗೆಯ ಒಂದು ತುದಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತಮ್ಮ ಕಿವಿಗೆ. ಇಂಥ ಕಾರುಗಳಿಗಿರುವ ಎರಡೂ ಕಾರ್ಬುರೇಟರುಗಳಲ್ಲಿ ಗಾಳಿಯ ಸುಯ್ಯೆನ್ನುವ ಸದ್ದು ಒಂದೇ ಸಮ ಆಗುವ ತನಕ ತಿರುಪು ತಿರುಗಿಸುತ್ತಿದ್ದರು. ಆಮೇಲೆ ಗಾಳಿ ಅಳೆಯುವ ಮೀಟರಿಟ್ಟು ನೋಡಿದರೂ ತಪ್ಪು ಸಿಗುತ್ತಿರಲಿಲ್ಲ. ಈಗ ಕೆಲವು ವರ್ಷಗಳಿಂದ ಆ ಕಿವಿ ಮಂದ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವರು ಟ್ಯೂನ್ ಮಾಡಿ ಮನೆಗೆ ಹೋದ ಮೇಲೆ ನಾನು ಮೀಟರಿಟ್ಟು ಮತ್ತೆ ಸರಿ ಮಾಡುತ್ತಿದ್ದೆ. ಗಿರಾಕಿಗಳು ಕಿವಿ ಮೇಸ್ತ್ರಿಯನ್ನು ಹಾಡಿ ಹೊಗಳಿ ಹೋಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಅಪ್ಪನ ಸ್ವಂತ ಕಾರಿಗೇ ತಮ್ಮ ಕೈ ಹಾಕಿದ. ನನಗಿಂತ ಹಿರಿಯದಾದ, ಹಸಿರು ಬಣ್ಣದ, ಎರಡು ಸೀಟಿನ ಕಾರು ಅದು. ಪೆಟ್ಟಿಗೆ ಬಿಚ್ಚಿ ಜಾಲರಿ ಕೂರಿಸಿದ. ಅಪ್ಪ ಒಂದು ಸುತ್ತು ಹೋಗಿ ಬಂದರು. ಮುಖ ಅರಳಿತ್ತು.

“ಬಲ ಬಂದಿದೆ ಕಣೋ,” ಅಂದರು. “ಇಷ್ಟು ದಿನ ಸತ್ತ ಹಾಗಿತ್ತು.”

“ನಾನು ಹೇಳಿರ್ಲಿಲ್ವಾ?” ಎಂದು ತಮ್ಮ ನನ್ನ ಕಡೆ ನೋಡಿ ಹಲ್ಲು ಕಿರಿದ. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಹಾಗಂತ ಹೆಗ್ಗಣದ ಕೈಗೆ ಗ್ಯಾರೇಜು ಕೊಡುತ್ತಾರೆಯೇ?

ಮರುದಿನವೇ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೇತುವೆಯಿಂದ ನೀರಿನ ಟ್ಯಾಂಕಿನವರೆಗಿನ ಏರಿನಲ್ಲಿ ಕಾರು ಓಡಿಸಿದೆ. ಜಾಲರಿ ಹಾಕಿ ಕೆಲವು ಸಲ, ಹಳೆಯ ಪೆಟ್ಟಿಗೆ ಹಾಕಿ ಕೆಲವು ಸಲ. ಆಮೇಲೆ ತಕರಾರು ಬೇಡವೆಂದು ಸ್ಟಾಪ್‌ವಾಚನ್ನು ಅವರ ಕೈಗೇ ಕೊಟ್ಟಿದ್ದೆ. ಪ್ರತಿ ಸಲವೂ ಜಾಲರಿಯೇ ಹಿಂದೆ. ಗೆದ್ದೆ ಅಂದುಕೊಂಡು ಶೆಡ್ಡಿಗೆ ಮರಳಿದೆ. ತಮ್ಮ ಅಲ್ಲೇ ಕಾಯುತ್ತಿದ್ದ.

“ನೋಡಿದ್ರಲ್ಲ ಅಪ್ಪಾ,” ಅಂದೆ, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. “ಬರೀ ಸದ್ದು. ಬಲ ಕಮ್ಮಿಯಾಗಿದೆ.”

ಅಪ್ಪ ವಾಚನ್ನು ಬೆಂಚಿನ ಮೇಲಿಟ್ಟರು. “ಗೊತ್ತು.”

“ಏನು ಗೊತ್ತು?”

“ಕಮ್ಮಿಯಾಗಿದೆ ಅಂತ. ನಿನ್ನೆ ಏರು ಹತ್ತುವಾಗಲೇ ಕಾಲಿಗೆ ಗೊತ್ತಾಯ್ತು. ಕಿವಿ ಹೋಗಿದೆ, ಕಾಲು ಹೋಗಿಲ್ಲ.”

ಕಿವಿ ಹೋಗಿದೆ ಎಂಬ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. “ಮತ್ತೆ ಬಲ ಬಂದಿದೆ ಅಂದ್ರಲ್ಲ?”

“ಇಂಜಿನ್ ಕೇಳಿಸ್ತು. ನನ್ನ ಕಾರು ನನಗೆ ಕೇಳಿಸಿ ಎಷ್ಟು ವರ್ಷ ಆಗಿತ್ತು ಗೊತ್ತಾ?” ಅವರು ಸ್ಟೂಲಿನ ಮೇಲೆ ಕೂತರು. “ನಾನು ಟ್ಯೂನ್ ಮಾಡಿದ್ದನ್ನ ನೀನು ಬೆನ್ನ ಹಿಂದೆ ಸರಿ ಮಾಡ್ತಿದ್ದೆ. ಅದೂ ಗೊತ್ತು. ತಿರುಪನ್ನ ಎಲ್ಲಿಗೆ ನಿಲ್ಲಿಸಿದ್ದೆ ಅಂತ ನನಗೆ ನೆನಪಿರಲ್ವಾ? ಬೆಳಿಗ್ಗೆ ಬಂದು ಮೊದಲು ಅದನ್ನೇ ನೋಡ್ತಿದ್ದೆ.”

“ನಿಮ್ಮ ಹೆಸರು ಉಳೀಲಿ ಅಂತ ಮಾಡಿದೆ.”

“ಇರಬಹುದು. ಆದ್ರೆ ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಬಾರದವನು ಅಂತ ನೋಡಿ ನೋಡಿ ಸಾಕಾಯ್ತು. ಇವನಿಗೆ ಏನೂ ಬರಲ್ಲ, ನಿಜ. ಇವನ ಮುಂದೆ ನಾನಿನ್ನೂ ಮೇಸ್ತ್ರಿ.”

ಗ್ಯಾರೇಜಿನ ಕೀಲಿಕೈ ಗೊಂಚಲನ್ನು ತೆಗೆದು ತಮ್ಮನ ಕೈಗೆ ಕೊಟ್ಟರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವರು ಮೋಸಹೋಗಿದ್ದಾರೆ ಎಂದುಕೊಂಡು ಏರು ಹತ್ತಿ ಇಳಿದು ಲೆಕ್ಕ ತೋರಿಸಿದ್ದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಮೋಸಹೋದವರಿಗೆ ತಿಳಿಹೇಳಬಹುದು, ಗೊತ್ತಿದ್ದೂ ಬೇಕೆನ್ನುವವರಿಗೆ ಏನು ಹೇಳುವುದು?

ತಮ್ಮ ಕೀಲಿ ಜೇಬಿಗಿಳಿಸಿ, ತಲೆ ಕೆರೆದುಕೊಂಡು ನನ್ನ ಹತ್ತಿರ ಬಂದ. “ಅಕ್ಕಾ, ನಾಳೆ ಎರಡು ಕಾರು ಬರ್ತಿವೆ. ಫಿಲ್ಟರ್ ನಾನೇ ಹಾಕ್ತೀನಿ. ಆಮೇಲೆ ಟ್ಯೂನ್ ಮಾಡೋದು ನನಗೆ ಗೊತ್ತಾಗಲ್ಲ. ನೀನು ಬರ್ತೀಯಲ್ಲ?”

ಬರಲ್ಲ ಎನ್ನಲು ಬಾಯಿ ತೆರೆದೆ. ಆ ಕೆಲಸ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ?

“ಸಂಬಳ ಎಷ್ಟು ಕೊಡ್ತೀಯ?” ಅಂದೆ.

ಅಪ್ಪನಿಗೆ ಕೇಳಿಸಲಿಲ್ಲ. ಅವನ ತೋಳು ಹಿಡಿದು, “ಏನಂತೆ ಅವಳದು?” ಎಂದರು.

“ಬರ್ತಾಳಂತೆ,” ಎಂದು ತಮ್ಮ ಅವರ ಕಿವಿಯ ಹತ್ತಿರ ಕೂಗಿ ಹೇಳಿದ.