ಮೆಣಸಿನಕಾಯಿ ಬೆರಳು

ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ. ಅದರ ತೊಟ್ಟು ಬಿಡಿಸುವ ಹೆಂಗಸರ ಬೆರಳನ್ನು ಮಾತ್ರ ಯಾರೂ ಹೊಗಳುವುದಿಲ್ಲ. ಸಾಬೂನು ಹಚ್ಚಿ ತಿಕ್ಕುವ ತನಕ ಅವೂ ಅಷ್ಟೇ ಕೆಂಪು.

ಜಯವ್ವ ಅಂಥ ಹತ್ತು ಬೆರಳಿನ ಒಡತಿ. 2004ರ ಚುನಾವಣೆಗೆ ಚೀಟಿ ಹೋಗಿ ಮತಯಂತ್ರ ಬರುತ್ತದೆ ಎಂದು ಕೇಳಿದಾಗಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಕಾರಣ, ಕೂಲಿ ಹೆಂಗಸರ ಮೇಲ್ವಿಚಾರಣೆ ಮಾಡುತ್ತಿದ್ದ ಮುಕಾದಮ ಮಾಲತೇಶಪ್ಪ. ಚೀಟಿಯಾದರೆ ಮಡಚಿ ಪೆಟ್ಟಿಗೆಗೆ ಹಾಕಿ ಬಚಾವಾಗಬಹುದಿತ್ತು, ಯಂತ್ರದಲ್ಲಿ ಯಾರು ಎಲ್ಲಿ ಒತ್ತಿದರೂ ತನಗೆ ತಿಳಿಯುತ್ತದೆ, ತಾನು ಹೇಳಿದವರಿಗೆ ಒತ್ತದವರು ಮರುದಿನ ಕೆಲಸಕ್ಕೆ ಬರುವುದು ಬೇಡ ಎಂದು ಸಾರಿಬಿಟ್ಟಿದ್ದ. ಹೆದರುವವರ ಮೇಲೆ ಹಾವು ಎಸೆಯುವುದೆಂದರೆ ಅವನಿಗೆ ಬಲು ಪ್ರೀತಿ. ಜಯವ್ವನಿಗೆ ಕೂಲಿಯೂ ಬೇಕು, ತನ್ನ ಮನಸ್ಸಿನ ಓಟೂ ಬೇಕು.

ಯಂತ್ರದ ಪರಿಚಯ ಮಾಡಿಸಲು ಹೇಮಪ್ಪ ಮಾಸ್ತರರು ಮೆಣಸಿನಕಾಯಿ ಅಂಗಳಕ್ಕೇ ಬಂದರು. ಪಕ್ಷಗಳ ಚಿಹ್ನೆ ಬೇಡವೆಂದು ಮಾವು, ಬಾಳೆ, ದ್ರಾಕ್ಷಿಯ ಚಿತ್ರ ಅಂಟಿಸಿ, ಸುತ್ತ ರಟ್ಟಿನ ಮರೆ ನಿಲ್ಲಿಸಿದರು. ಒಮ್ಮೆ ಪೀ ಎಂದು ಸದ್ದಾದ ಮೇಲೆ ಎಷ್ಟು ಸಲ ಒತ್ತಿದರೂ ಎರಡನೇ ಓಟು ಬೀಳುವುದಿಲ್ಲ, ಯಾರ ಓಟು ಯಾರಿಗೆ ಎಂದು ಯಂತ್ರ ಯಾರಿಗೂ ಹೇಳುವುದಿಲ್ಲ ಎಂದು ಬಿಡಿಸಿ ಹೇಳಿದರು. ಮಾಲತೇಶಪ್ಪ ನಕ್ಕು, ಹಾಗಾದರೆ ಪರೀಕ್ಷೆಯೇ ಆಗಲಿ ಎಂದ. ಮಾಸ್ತರರು ಒಪ್ಪಿದರು.

ಮೊದಲು ಕೂಲಿ ಹೆಂಗಸರಲ್ಲಿ ಒಬ್ಬಳಾದ ಕರಿಯವ್ವ ಒಳಗೆ ಹೋಗಿ ಒತ್ತಿ ಬಂದಳು. ಮಾಲತೇಶಪ್ಪ ಮರೆಯೊಳಗೆ ಇಣುಕಿ, ಧೂಳು ಒರೆಸುವವನ ಹಾಗೆ ಟವೆಲ್ಲು ಆಡಿಸಿ, ಈಚೆ ಬಂದು ಬಾಳೆ ಎಂದ. ಕರಿಯವ್ವನ ಮುಖ ಇಳಿದುಹೋಯಿತು. ಅವಳು ಒತ್ತಿದ್ದು ಬಾಳೆಯನ್ನೇ. ಮಾಸ್ತರರು ಬೆವರಿದರು. ಜಯವ್ವನ ಕಣ್ಣು ಮಾತ್ರ ಆ ಬಿಳಿ ಟವೆಲ್ಲಿನ ಮೇಲಿತ್ತು. ಅಂಚಿನಲ್ಲಿ ಕೆಂಪು ಕಲೆ. ತನ್ನ ಬೆರಳು ನೋಡಿಕೊಂಡಳು. ಪಾಪ, ಯಂತ್ರ ಚಾಡಿ ಹೇಳಿರಲಿಲ್ಲ, ಗುಂಡಿಗೆ ಅಂಟಿದ್ದ ಮೆಣಸಿನಕಾಯಿ ಬಣ್ಣ ಹೇಳಿತ್ತು.

ಇವನು ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ಎಂದುಕೊಂಡು ಜಯವ್ವ ಒಳಗೆ ಹೋದಳು. ಬೆರಳಿಗೆ ಸೆರಗು ಸುತ್ತಿ ದ್ರಾಕ್ಷಿ ಒತ್ತಿದಳು. ಪೀ ಎಂದಿತು. ಆಮೇಲೆ ಸೆರಗು ಬಿಚ್ಚಿ, ಕೆಂಪು ಬೆರಳನ್ನು ಮಾವಿನ ಗುಂಡಿಗೆ ಚೆನ್ನಾಗಿ ತಿಕ್ಕಿ, ಬಡಪಾಯಿಯ ಮುಖ ಮಾಡಿಕೊಂಡು ಹೊರಬಂದಳು.

ಮಾಲತೇಶಪ್ಪ ಇಣುಕಿ ಬಂದು ಎದೆಯುಬ್ಬಿಸಿದ. "ಮಾವಿನಹಣ್ಣು. ಬೇಕಾದ್ರ ಎಣಿಸಿ ನೋಡ್ರಿ ಮಾಸ್ತರ."

ಮಾಸ್ತರರು ಫಲಿತಾಂಶದ ಗುಂಡಿ ಒತ್ತಿದರು. ಬಾಳೆ ಒಂದು, ದ್ರಾಕ್ಷಿ ಒಂದು. ಮಾವು ಸೊನ್ನೆ.

ಜಯವ್ವ ತಾನು ಮಾಡಿದ್ದನ್ನು ಹೇಳಿ, ಆ ಟವೆಲ್ಲಿನ ಅಂಚು ತೋರಿಸಿದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಿಯವ್ವನಂತೂ ಕೆಂಪು ಕೈಯಿಂದ ಕಣ್ಣೊರೆಸಿಕೊಂಡು, ಉರಿಯಿಂದ ಕುಣಿದಾಡುತ್ತಲೇ ನಕ್ಕಳು. ಓಟಿನ ದಿನ ಎಲ್ಲರೂ ಕೈ ತೊಳೆದುಕೊಂಡೇ ಹೋಗಬೇಕು ಎಂದರು ಮಾಸ್ತರರು. ನೀರು, ಸಾಬೂನು ಒದಗಿಸುವ ಭಾರ ಮಾಲತೇಶಪ್ಪನ ತಲೆಗೇ ಬಿತ್ತು. ಆ ದಿನ ಅವನು ಏದುಸಿರು ಬಿಡುತ್ತ ಕೊಡಗಟ್ಟಲೆ ನೀರು ಹೊತ್ತ. ಜಯವ್ವ ತೊಳೆದ ಕೈಯಿಂದ ತನಗೆ ಬೇಕಾದಲ್ಲಿ ಒತ್ತಿದಳು. ಅವಳಿಗಾದ ಖುಷಿ ಅಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆ ಅಂಗಳದ ಬಾಗಿಲಲ್ಲಿ ಮಾಲತೇಶಪ್ಪ ಅಡ್ಡ ನಿಂತು, ಯಾರಿಗೆ ಒತ್ತಿದೆ ಎಂದು ಮೆಲ್ಲಗೆ ಕೇಳಿದ. ಜಯವ್ವ ಶಾಯಿ ಹಚ್ಚಿದ ಎಡಗೈ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದಳು.

"ಇದೊಂದ ಗುರುತು ಉಳದೈತಿ ನೋಡ್ರಿ. ಓದಾಕ ಬಂದ್ರ ಓದ್ರಿ."

ಅವನು ಪಕ್ಕಕ್ಕೆ ಸರಿದ. ಅವಳು ಒಳಗೆ ಹೋಗಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತಳು.